ಪೂಜೆಗಿಟ್ಟ ಬೀಗ

ದಹಿಸರ್ ಪೂರ್ವ
ಅಕ್ಟೋಬರ್ 14, 2025

ಪ್ರೀತಿಯ ಅಳಿಯ ತಿಲಕ್,

ನಾನೂ ನಿನ್ನ ಅತ್ತೆಯೂ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದವನ ಸಂಗತಿ ಬರೆಯಲು ಕುಳಿತಿದ್ದೇನೆ.

ಮೂವತ್ತೆಂಟು ವರ್ಷ ಡಂಪರುಗಳ ಇಂಜಿನ್ನಿನ ಪಕ್ಕ ನಿಂತು ನನ್ನ ಕಿವಿ ಹೋದದ್ದು ನಿನಗೆ ಗೊತ್ತು. ಫೋನೆಂದರೆ ನನಗೆ ಗೋಡೆ ಇದ್ದ ಹಾಗೆ. ಅವನಿಗೆ ಏನಾಯಿತೆಂದು ನಿನ್ನನ್ನು ವಾಟ್ಸಾಪಿನಲ್ಲಿ ಕೇಳಿದೆ. ನೀನು ಎರಡು ಸಲ ಏನೋ ಬರೆದೆ, ನಾನು ಕನ್ನಡಕ ಹುಡುಕುವುದರೊಳಗೆ ಎರಡು ಸಲವೂ ನೀನೇ ಅಳಿಸಿದೆ. ಸ್ಪೀಡ್ ಪೋಸ್ಟಿನ ಕಾಗದವನ್ನು ಹಾಗೆ ಅಳಿಸಲು ಬರುವುದಿಲ್ಲ.

ನಿನ್ನೆ ಸಯನ್ನಿನ ಆಸ್ಪತ್ರೆಗೆ ಹೋಗಿ ಗುರುಪಾದನನ್ನು ನೋಡಿಬಂದೆ. ನಾನು ಮಲಾಡಿನ ವರ್ಕ್‌ಶಾಪಿನಲ್ಲಿ ಮಿಸ್ತ್ರಿಯಾಗಿದ್ದಾಗ ಕೆಲಸ ಕಲಿಸಿದ ಕೊನೆಯ ಮೆಕ್ಯಾನಿಕ್ ಅವನು. ಆಯುಧಪೂಜೆಯ ದಿನ ಡಂಪರಿನ ಮಣ್ಣು ತುಂಬುವ ತೊಟ್ಟಿ ಅವನ ಎಡಗೈ ಮೇಲೆ ಇಳಿಯಿತಲ್ಲ, ಈಗ ಮೊಣಕೈಯಿಂದ ಕೆಳಗೆ ಏನೂ ಇಲ್ಲ. ನನ್ನನ್ನು ಕಂಡು ಎದ್ದು ಕೂರಲು ಹೋದ. ಇಲ್ಲದ ಕೈಯನ್ನು ಊರಲು ಹೋಗಿ ಪಕ್ಕಕ್ಕೆ ವಾಲಿದ. ನೀನು ಒಂದು ಸಲವೂ ಬಂದಿಲ್ಲವಂತೆ. ಐದನೇ ದಿನ ಕಂಪನಿ ನಿನ್ನನ್ನು ನಾಗಪುರದ ಸೈಟಿಗೆ ಸಾಗಿಸಿತು, ಒಪ್ಪಿದೆ. ಅದಕ್ಕೆ ಮೊದಲಿನ ನಾಲ್ಕು ದಿನ ಮಲಾಡಿನಿಂದ ಲೋಕಲ್ ಓಡುತ್ತಿರಲಿಲ್ಲವೇ?

ಅವನ ಹೆಂಡತಿ ಹಾಲವ್ವ ಒಂದು ಪೇಪರು ಕೊಟ್ಟು "ಕಾಕಾ, ಇದರಾಗ ಏನ್ ಬರ್ದಾರ ನೋಡ್ರಿ" ಎಂದಳು. ನಾನು ಕಲಿತದ್ದು ಮೂರನೇ ಕ್ಲಾಸು. ಇಂಗ್ಲಿಷು ಬಂದದ್ದು ಮೆಷಿನ್ನಿನ ಪುಸ್ತಕ ನೋಡಿ. ಹಾಗಾಗಿ ಮದುವೆ ಮುಂಜಿಯ ಇಂಗ್ಲಿಷು ಬಾರದು, ಏಟು ಬೀಳುವ ಇಂಗ್ಲಿಷು ಚೆನ್ನಾಗಿ ಬರುತ್ತದೆ. ಅದರಲ್ಲಿ ಇರುವುದು ಇಷ್ಟು: "ಕೆಲಸಗಾರನು ರಜಾದಿನದಂದು, ಯಾರ ಅಪ್ಪಣೆಯೂ ಇಲ್ಲದೆ, ತನ್ನ ಸುರಕ್ಷತಾ ಬೀಗ ಹಾಕದೆ ಯಂತ್ರದೊಳಗೆ ಕೈಯಿಟ್ಟನು. ಅಪಘಾತಕ್ಕೆ ಅವನ ಅಜಾಗ್ರತೆಯೇ ಕಾರಣ." ಕೆಳಗೆ ಸೇಫ್ಟಿ ಆಫೀಸರನ ಸಹಿ. ಸಹಿ ಬಹಳ ದುಂಡಗಿದೆ. ಚಿಕ್ಕಂದಿನಲ್ಲಿ ನಿನಗೆ ಕಾಪಿ ಬರೆಸಿದ್ದು ನಾನೇ, ಮರೆತಿಲ್ಲ.

ಆ ಪೇಪರು ಹಾಗೆಯೇ ನಿಂತರೆ ಅವನನ್ನು ತೆಗೆದುಹಾಕುತ್ತಾರೆ. ಒಂದು ಕೈ ಇಲ್ಲದ, ತಪ್ಪೂ ತನ್ನದೇ ಎಂದು ಸರ್ಕಾರಿ ಕಡತದಲ್ಲಿರುವ ಮೆಕ್ಯಾನಿಕ್‌ನನ್ನು ಈ ಮುಂಬಯಿಯ ಯಾವ ಗೇಟಿನವನು ಒಳಗೆ ಬಿಡುತ್ತಾನೆ? ನವೆಂಬರ್ 28ಕ್ಕೆ ಕಾರ್ಖಾನೆ ಇನ್ಸ್‌ಪೆಕ್ಟರರ ಮುಂದೆ ವಿಚಾರಣೆ ಎಂದು ಅದೇ ಪೇಪರಿನಲ್ಲಿದೆ.

ನಿನಗೆ ಬೀಗದ ಪಾಠ ಹೇಳಬೇಕಾಗಿ ಬಂತಲ್ಲ! ಪ್ರತಿ ಮೆಕ್ಯಾನಿಕ್‌ಗೂ ಒಂದು ಕೆಂಪು ಬೀಗ, ಅದರ ಮೇಲೆ ಅವನ ಫೋಟೋ, ಕೀಲಿ ಅವನ ಕಿಸೆಯಲ್ಲಿ. ಕೆಲಸಕ್ಕೆ ಇಳಿಯುವ ಮೊದಲು ಬ್ಯಾಟರಿ ಸ್ವಿಚ್ಚಿಗೆ ಅದನ್ನು ಜಡಿದರೆ ಅವನಾಗಿ ತೆಗೆಯುವವರೆಗೆ ಯಾವ ಸಾಹೇಬನಪ್ಪನೂ ಗಾಡಿ ಸ್ಟಾರ್ಟ್ ಮಾಡಲಾರ. ಗುರುಪಾದ ಹನ್ನೆರಡು ವರ್ಷದಲ್ಲಿ ಬೀಗ ಮರೆತವನಲ್ಲ. ಅವತ್ತು ಯಾಕೆ ಹಾಕಲಿಲ್ಲ ಎಂದು ನಿನ್ನ ವರದಿ ಕೇಳುವುದೇ ಇಲ್ಲ. ಸೇಫ್ಟಿ ವೀಕಿನಲ್ಲಿ ಹಳದಿ ಹೆಲ್ಮೆಟ್ಟು ಹಾಕಿ ಬಲೂನು ಹಾರಿಸಿದ ನಿನ್ನ ಫೋಟೋಗೆ ನನ್ನ ತಂಗಿ, ನಿನ್ನ ತಾಯಿ ಶೀಲಾವತಿ ಕಟ್ಟು ಹಾಕಿಸಿದ್ದಾಳೆ. ಬಲೂನು ಹಾರಿಸುವುದಕ್ಕೆ ಡಿಪ್ಲೊಮಾ ಬೇಕಿತ್ತೇ?

ಉತ್ತರ ಬರೆ.

ನಿನ್ನ ಮಾಮ
ಅಣ್ಣು


ನಾಗಪುರ
ಅಕ್ಟೋಬರ್ 24, 2025

ಮಾಮನಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿದೆ. ದೀಪಾವಳಿಗೆ ಬರಲಾಗಲಿಲ್ಲ, ಇಲ್ಲಿ ಆಡಿಟ್ ಇತ್ತು. ಅತ್ತೆಗೆ ಇಷ್ಟವೆಂದು ಸಂತ್ರಾ ಬರ್ಫಿ ಕಳಿಸಿದ್ದೇನೆ.

ಗುರುಪಾದನ ಬಗ್ಗೆ ನನಗೂ ಬೇಸರವಿದೆ. ಆದರೆ ವರದಿಯಲ್ಲಿ ಬೇಸರಕ್ಕೆ ಕಾಲಂ ಇರುವುದಿಲ್ಲ. ಸ್ವಿಚ್ಚಿನ ಮೇಲೆ ಬೀಗ ಇರಲಿಲ್ಲ, ಇದು ಫ್ಯಾಕ್ಟ್. ಬೀಗವಿಲ್ಲದ್ದನ್ನು ನೋಡಿ ಯಾರೂ ಕೆಲಸದಲ್ಲಿಲ್ಲ ಎಂದುಕೊಂಡು ಡ್ರೈವರ್ ಸ್ಟಾರ್ಟ್ ಮಾಡಿದ, ಇದೂ ಫ್ಯಾಕ್ಟ್. ನಾನು ಸುಳ್ಳು ಬರೆದಿಲ್ಲ.

ನೀವು ನಿವೃತ್ತರಾಗಿ ಹನ್ನೆರಡು ವರ್ಷವಾಯಿತು. ಈಗಿನ ಪದ್ಧತಿ, ಈಗಿನ ಕಾನೂನು ಬೇರೆ. ದಯವಿಟ್ಟು ಈ ವಿಷಯದಲ್ಲಿ ತಲೆ ಹಾಕಬೇಡಿ, ಮಾಮ. ಹಾಕಿದರೆ ನಿಮಗೇ ಒಳ್ಳೆಯದಾಗುವುದಿಲ್ಲ.

ಇಂತು
ತಿಲಕ್


ದಹಿಸರ್ ಪೂರ್ವ
ನವೆಂಬರ್ 2, 2025

ತಿಲಕ್ ಸಾಹೇಬರಿಗೆ,

ಬರ್ಫಿ ಬಂತು. ಡಬ್ಬಿ ಒಡೆಯದೆ ಬಿಲ್ಡಿಂಗಿನ ವಾಚ್‌ಮನ್‌ಗೆ ಕೊಟ್ಟೆ. ನಿನ್ನ ಅತ್ತೆ ಇಡೀ ದಿನ ಮುಖ ಊದಿಸಿಕೊಂಡಿದ್ದಳು.

ನನಗೇ ಒಳ್ಳೆಯದಾಗುವುದಿಲ್ಲವೇ? ಏನು ಮಾಡುತ್ತೀರಿ, ನನ್ನನ್ನೂ ನಾಗಪುರಕ್ಕೆ ಹಾಕುತ್ತೀರಾ? ನಿನ್ನ ಮ್ಯಾನೇಜರನಿಂದ ಇಂಥ ಮಾತು ಬಂದಿದ್ದರೆ ನಕ್ಕುಬಿಡುತ್ತಿದ್ದೆ. ಅವನು ಗ್ರೀಸಿಗೂ ಶ್ರೀಖಂಡಕ್ಕೂ ವ್ಯತ್ಯಾಸ ತಿಳಿಯದವನು. ಆದರೆ ನಾನು ಹೆಗಲ ಮೇಲೆ ಹೊತ್ತು ಗಣಪತಿ ತೋರಿಸಿದವನು ನನ್ನನ್ನು ಬೆದರಿಸುತ್ತಾನೆ. ನಮ್ಮ ಕಡೆ ಅಳಿಯನೆಂದರೆ ಮನೆತನದ ಕಂಬ ಎನ್ನುತ್ತಾರೆ. ಈ ಕಂಬದೊಳಗೆ ಗೆದ್ದಲು ಹಿಡಿದದ್ದು ಯಾವಾಗಲೋ ಗೊತ್ತಾಗಲಿಲ್ಲ.

ನಿನ್ನ ಫ್ಯಾಕ್ಟು ಓದಿದೆ. ಈಗ ಗುರುಪಾದನದು ಕೇಳು. ಬಾಯಿ ಕಿವಿಗಿಟ್ಟು ಹೇಳಿಸಿಕೊಂಡು ಬಂದಿದ್ದೇನೆ.

ಬೆಳಿಗ್ಗೆ ಹತ್ತು ಗಂಟೆ. ಡಂಪರುಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು. ಸ್ಪ್ಯಾನರು, ಜಾಕು, ಬೀಗಗಳೆಲ್ಲ ಪೂಜೆಯ ಮೇಜಿನ ಮೇಲೆ ಹೂವಿನಡಿ ಇದ್ದವು. ಹೆಡ್ಡಾಫೀಸಿನ ದೊಡ್ಡ ಸಾಹೇಬರು ಹೊರಟಿದ್ದಾರೆಂದು ಫೋನು ಬಂತು. ಅಷ್ಟರಲ್ಲಿ ಎರಡನೇ ಡಂಪರಿನಿಂದ ಎಣ್ಣೆ ತೊಟ್ಟಿಕ್ಕುವುದನ್ನು ಮ್ಯಾನೇಜರ್ ಕಂಡ.

"ಅರೇ ಗುರು, ರಂಗೋಲಿ ಖರಾಬ್ ಹೋ ರಹಾ ಹೈ! ದೋ ಮಿನಿಟ್ ಕಾ ಕಾಮ್ ಹೈ, ಟೈಟ್ ಕರ್ ದೇ." ರಂಗೋಲಿ ಹಾಳಾಗುತ್ತಿದೆ, ಎರಡು ನಿಮಿಷದಲ್ಲಿ ಬಿಗಿ ಮಾಡಿಬಿಡು ಎಂದು ಅವನ ಹುಕುಂ.

ಗುರುಪಾದ ಹೇಳಿದನಂತೆ: "ಸಾಬ್, ಸಾಮಾನೆಲ್ಲಾ ಪೂಜಾಕ್ಕ ಇಟ್ಟೀವ್ರೀ. ಆರತಿ ಆಗ್ಲಿ, ಆಮ್ಯಾಗ ಮಾಡ್ತೀನಿ."

ಆ ಮಹಾನುಭಾವ ಏನು ಮಾಡಿದ ಗೊತ್ತೇ? ಮೇಜಿನ ಹತ್ತಿರ ಹೋದ, ಕೈಮುಗಿದ, ಹೂವಿನಡಿಯಿಂದ ಸ್ಪ್ಯಾನರನ್ನು ಎಳೆದು ಎರಡೂ ಕಣ್ಣಿಗೆ ಒತ್ತಿಕೊಂಡು ಗುರುಪಾದನ ಕೈಗೆ ಕೊಟ್ಟ. ಸ್ಪ್ಯಾನರಿನ ಪಕ್ಕದಲ್ಲೇ ಬೀಗವಿತ್ತು. ದೇವರ ಮುಂದಿನಿಂದ ಸ್ಪ್ಯಾನರು ಎತ್ತುವಷ್ಟು ಭಂಡತನವಿದ್ದವನಿಗೆ ಬೀಗ ಎತ್ತುವಷ್ಟು ಬುದ್ಧಿ ಇರಲಿಲ್ಲ. ಮೇಲೆ ಶಾಮಿಯಾನದ ಬಟ್ಟೆ ಕಟ್ಟಿದ್ದರಿಂದ ತೊಟ್ಟಿಯನ್ನು ಎರಡಡಿ ಮಾತ್ರ ಎತ್ತಿದರು; ಆಸರೆಯ ಕಂಬ ನಿಲ್ಲಿಸಲು ಅಷ್ಟು ಜಾಗ ಸಾಲದು. ಗುರುಪಾದ ಅದರಡಿ ಕೈ ತೂರಿಸಿದ. ಆಚೆ ಬದಿಯಲ್ಲಿ ಗಾಡಿಯ ಗಾಲಿಗಳಡಿ ನಿಂಬೆಹಣ್ಣು ಇಟ್ಟಾಯಿತು. ಡ್ರೈವರ್ ಹತ್ತಿದ, ಸ್ವಿಚ್ಚು ನೋಡಿದ, ಬೀಗವಿಲ್ಲ, ಸ್ಟಾರ್ಟ್ ಮಾಡಿದ. ಮುಂದೆ ಹೋಗಬೇಕಾದರೆ ತೊಟ್ಟಿ ಇಳಿಸಬೇಕು, ಇಳಿಸಿದ. ಅವನದು ಏನು ತಪ್ಪು?

ಇದರಲ್ಲಿ "ಅಪ್ಪಣೆಯಿಲ್ಲದೆ" ಎಲ್ಲಿದೆ, ತೋರಿಸು. ಅಪ್ಪಣೆ ಕೊಟ್ಟವನು ನಿನ್ನ ಪಕ್ಕದ ಕುರ್ಚಿಯವನು.

"ಸ್ಪ್ಯಾನರ್ ಕೊಟ್ಟಾಗ ಬೀಗಾನೂ ಕೇಳಬಾರದಿತ್ತೇನೋ?" ಎಂದು ಗುರುಪಾದನನ್ನೇ ಗದರಿದೆ. ಅವನು ಅದಕ್ಕೆ ಏನೋ ಹೇಳಿದ. ವಾರ್ಡಿನ ಗದ್ದಲದಲ್ಲಿ ನನಗೆ ಕೇಳಲಿಲ್ಲ.

ಮ್ಯಾನೇಜರ್ ಆಸ್ಪತ್ರೆಗೆ ಬಂದಿದ್ದನಂತೆ, ಸೇಬಿನ ಬುಟ್ಟಿಯ ಜೊತೆ. ವರದಿಯನ್ನು ಒಪ್ಪಿದೆನೆಂದು ರುಜು ಹಾಕಿದರೆ ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂರಿಸುತ್ತೇನೆ ಎಂದನಂತೆ. ಹಾಲವ್ವ ಬುಟ್ಟಿಯನ್ನು ಬಾಗಿಲಾಚೆ ಇಟ್ಟು ಬಂದಳು. ನಿನ್ನ ಕಂಪನಿಯಲ್ಲಿ ಅಷ್ಟು ಬೆನ್ನುಮೂಳೆ ಇರುವ ಗಂಡಸು ಒಬ್ಬನಿದ್ದರೆ ಹೆಸರು ಬರೆದು ಕಳಿಸು.

ಅಣ್ಣು


ನಾಗಪುರ
ನವೆಂಬರ್ 9, 2025

ಮಾಮ,

ಸಾಹೇಬ ಎಂದು ಬರೆದಿರಿ. ಸರಿ. ಈಗ ನಾನೂ ಬರೆಯುತ್ತೇನೆ, ಓದಿ.

ಅಪಘಾತದ ಮರುದಿನ ವರ್ಕ್‌ಶಾಪಿನ ಹನ್ನೊಂದು ಜನರ ಹೇಳಿಕೆ ತೆಗೆದುಕೊಂಡೆ. ಬೀಗ ಪೂಜೆಯ ಮೇಜಿನ ಮೇಲೆ ಯಾಕಿತ್ತು ಎಂದು ಎಲ್ಲರನ್ನೂ ಕೇಳಿದೆ. ಹನ್ನೊಂದು ಜನರೂ ಒಂದೇ ಮಾತು ಹೇಳಿದರು. "ಅದು ಅಣ್ಣು ಮಿಸ್ತ್ರಿ ಹಾಕಿಕೊಟ್ಟ ಕ್ರಮ."

2004ರಲ್ಲಿ ಬೀಗಗಳು ಹೊಸದಾಗಿ ಬಂದಾಗ ಎಲ್ಲರೂ ನಕ್ಕರಂತೆ. ಕೆಲವರು ಮನೆಗೆ ಒಯ್ದು ಟ್ರಂಕಿಗೆ ಹಾಕಿಕೊಂಡರಂತೆ. ಆ ವರ್ಷದ ಆಯುಧಪೂಜೆಗೆ ನೀವು ಬೀಗಗಳನ್ನೆಲ್ಲ ತರಿಸಿ, ಕುಂಕುಮ ಹಚ್ಚಿ ಸ್ಪ್ಯಾನರುಗಳಿಗಿಂತ ಮುಂದಿನ ಸಾಲಿನಲ್ಲಿ ಇಟ್ಟು, "ಇದು ನಿಮ್ಮ ಜೀವ ಕಾಯುವ ಆಯುಧ" ಎಂದಿರಂತೆ. ಅಲ್ಲಿಂದ ಮುಂದೆ ಯಾರೂ ನಗಲಿಲ್ಲ. ಆರತಿಗೆ ಮೊದಲು ಒಬ್ಬ ತನ್ನ ಬೀಗ ಎತ್ತಲು ಹೋದಾಗ ಎಲ್ಲರೆದುರು ಅವನ ಕೈಮೇಲೆ ಹೊಡೆದಿರಂತೆ. ಅದನ್ನೂ ಹನ್ನೊಂದು ಜನ ಹೇಳಿದರು. ಆಗ ಇರದವರೂ ಹೇಳಿದರು. ಸ್ಪ್ಯಾನರನ್ನು ಎಂದೋ ಒಮ್ಮೆ ಎತ್ತಿಯಾರು, ಬೀಗವನ್ನು ಎತ್ತುವುದಿಲ್ಲ. ಇಪ್ಪತ್ತೊಂದು ವರ್ಷದಿಂದ ಹಾಗೆಯೇ ನಡೆದಿದೆ.

ಪೂಜೆಯ ವಿಷಯ ವರದಿಯಲ್ಲಿ ಬರೆದರೆ ಇನ್ಸ್‌ಪೆಕ್ಟರರ ಮೊದಲ ಪ್ರಶ್ನೆ, ಈ ಕ್ರಮ ಯಾರದು? ಹನ್ನೊಂದು ಬಾಯಿಂದ ನಿಮ್ಮ ಹೆಸರು ಬರುತ್ತದೆ. ಅದಕ್ಕೇ "ಬೀಗ ಹಾಕಲಿಲ್ಲ" ಎಂದು ಬರೆದು ಅಲ್ಲಿಗೇ ನಿಲ್ಲಿಸಿದೆ. ತಲೆ ಹಾಕಬೇಡಿ ಎಂದದ್ದೂ ಅದಕ್ಕೇ. ಬೆದರಿಕೆ ಎಂದುಕೊಂಡಿರಿ. ಈ ಎಪ್ಪತ್ತೆರಡರಲ್ಲಿ ನಿಮ್ಮನ್ನು ವಿಚಾರಣೆಗೆ ಎಳೆಯುವುದು ಬೇಡ ಎಂದುಕೊಂಡವನು ಗೆದ್ದಲು ಹಿಡಿದ ಕಂಬ.

ಇನ್ನೊಂದು. ನಾನು ಆಸ್ಪತ್ರೆಗೆ ಹೋಗಿಲ್ಲ, ನಿಜ. ಹಾಲವ್ವನಿಗೆ ವಾರಕ್ಕೆರಡು ಸಲ ಫೋನು ಮಾಡುತ್ತೇನೆ. ಅವಳು ಬೈಯುತ್ತಾಳೆ, ಕೇಳಿಕೊಳ್ಳುತ್ತೇನೆ. ನೀವು ಬೀಗದ ಬಗ್ಗೆ ಗದರಿದಾಗ ಗುರುಪಾದ ಏನು ಹೇಳಿದನೆಂದು ಅವಳು ಹೇಳಿದಳು. "ನೀವ ಕಲಿಸಿದ್ದಲ್ರೀ ಕಾಕಾ" ಎಂದನಂತೆ. ಎರಡು ಸಲ ಹೇಳಿದನಂತೆ, ಕಿವಿಯ ಹತ್ತಿರವೇ.

ಕೇಳಲಿಲ್ಲವೇ, ಮಾಮ?

ತಿಲಕ್


ದಹಿಸರ್ ಪೂರ್ವ
ನವೆಂಬರ್ 17, 2025

ತಿಲಕ್,

ಕೇಳಿತು. ಮೊದಲನೇ ಸಲವೇ ಕೇಳಿತು.

ಕೇಳಿದ ಮೇಲೂ ಮನೆಗೆ ಬಂದು ನಿನಗೆ ಅಷ್ಟುದ್ದದ ಕಾಗದ ಬರೆದೆ. ಮ್ಯಾನೇಜರನನ್ನು ಬೈದೆ, ನಿನ್ನನ್ನು ಬೈದೆ. ಬೈಯುತ್ತಿರುವಾಗ ಪೆನ್ನು ಸರಾಗವಾಗಿ ಓಡಿತು. ಈ ಕಾಗದಕ್ಕೆ ಒಂದು ವಾರ ಹಿಡಿಯಿತು. ಮೂರು ಹಾಳೆ ಹರಿದೆ. ಗೆದ್ದಲು ಎಂದೆ, ಯಾವ ಕಂಬವನ್ನು ತಟ್ಟಿ ನೋಡಬೇಕಿತ್ತೋ ಅದನ್ನು ತಟ್ಟಲಿಲ್ಲ.

ಆ ದಿನ ಕೈಮೇಲೆ ಹೊಡೆದದ್ದು ನಿಜ. ಹೊಡೆಸಿಕೊಂಡವನಿಗೂ ತುರ್ತು ಕೆಲಸವೇ ಇತ್ತು. "ಆರತಿ ಮುಗಿಯುವ ತನಕ ಮೆಷಿನ್ ಮುಟ್ಟಬಾರದು, ಹಾಗಾಗಿ ಬೀಗವೂ ಬೇಡ" ಎಂದು ನಾನು ಹೇಳಿದ್ದೆ. ಅದರ ಮೊದಲರ್ಧ ನನ್ನ ಕಾಲದಲ್ಲಿ ನಡೆಯುತ್ತಿತ್ತು, ಯಾಕೆಂದರೆ ಬಾಗಿಲಲ್ಲಿ ನಾನೇ ನಿಲ್ಲುತ್ತಿದ್ದೆ. ನಾನು ಹೋದ ಮೇಲೆ ಮೊದಲರ್ಧವೂ ಹೋಯಿತು, ಎರಡನೆಯದು ಉಳಿಯಿತು. ಕಬ್ಬಿಣದ ಬೀಗಕ್ಕೆ ಕುಂಕುಮ ಹಚ್ಚಿದಾಗ ಅದು ದೇವರಾಗುತ್ತದೆಂದೂ, ದೇವರಾದದ್ದನ್ನು ಕೆಲಸಕ್ಕೆ ಕರೆಯಲು ಜನ ಹೆದರುತ್ತಾರೆಂದೂ ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಎಲ್ಲರೂ ಜಾಣನೆಂದರು, ನಾನು ನಂಬಿದೆ.

ಗುರುಪಾದನನ್ನು ಮನೆಗೆ ಕಳಿಸಿದ್ದಾರೆ. ಶುಕ್ರವಾರ ಮಾಲ್ವಣಿಯ ಚಾಳಿನಲ್ಲಿರುವ ಅವರ ಮನೆಗೆ ಹೋದೆ. ಇದನ್ನೆಲ್ಲ ಅವನಿಗೇ ಹೇಳಿದೆ. ಅವನು "ಹೋಗ್ಲಿ ಬಿಡ್ರಿ ಕಾಕಾ, ನೀವ್ ಒಳ್ಳೇದಕ್ಕ ಮಾಡೀರಿ" ಎಂದ. ಹಾಲವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಏನ್ ಹೋಗ್ಲಿ? ಕೈ ನಿಂದು ಹೋಗೇತಿ, ಅವರದಲ್ಲ. ಕಾಕಾ, ಕುಂಕುಮ ಹಚ್ಚಿದ್ದು ತಪ್ಪಂತ ನಾ ಅನ್ನಂಗಿಲ್ಲ. ಮುಟ್ಟಬ್ಯಾಡ ಅಂತ ನೀವ್ ಅಂದದ್ದು ಖರೇ ಏನು?"

"ಖರೆ" ಎಂದೆ.

"ಹಂಗಾರ ಇಲ್ಲಿ ಕುಂತು ಅಳಬ್ಯಾಡ್ರಿ. ಅದನ್ನ ಅಲ್ಲಿ ಬರಕೊಡ್ರಿ."

ಚಹಾ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಶನಿವಾರ, ಭಾನುವಾರ ಕುಳಿತು ನಾಲ್ಕು ಪುಟ ಬರೆದೆ. ಇವತ್ತು ಇನ್ಸ್‌ಪೆಕ್ಟರರ ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. ಕ್ರಮ ಹಾಕಿದವನು ನಾನು, ಹೊಡೆದವನು ನಾನು, ಹೆಸರು, ವಿಳಾಸ, ಎಲ್ಲ ಇದೆ. ಸ್ಪ್ಯಾನರು ಎತ್ತಿಕೊಟ್ಟವನ ಹೆಸರೂ ಇದೆ.

ಇನ್ನು ನಿನ್ನ ಪಾಳಿ. ನೀನು ಕಂಪನಿಗೆ ಹೆದರಿದೆ ಎಂದುಕೊಂಡಿದ್ದೆ. ನನಗಾಗಿ ಎಂದು ಬರೆದೆ. ಓದಿದಾಗ ಎದೆ ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿದೆ. ನನ್ನ ಮೇಲೆ ಹಿಡಿದ ಆ ಕೊಡೆಯಡಿ ಮ್ಯಾನೇಜರನೂ ನೆನೆಯದೆ ನಿಂತಿದ್ದಾನೆ. ನೀನೂ ನಿಂತಿದ್ದೀ. ಹೊರಗೆ ಇರುವವನು ಗುರುಪಾದ ಒಬ್ಬನೇ. ನಾಲ್ಕು ವರ್ಷದಿಂದ ಅಲ್ಲಿ ಸೇಫ್ಟಿ ಆಫೀಸರ್ ನೀನು. ನಾಲ್ಕು ಆಯುಧಪೂಜೆಯ ಪ್ರಸಾದ ತಿಂದಿದ್ದೀ. ಒಂದು ಸಲವಾದರೂ "ಮಾಮ, ಇದು ಸರಿಯಿಲ್ಲ" ಎಂದೆಯಾ? ಅಪಘಾತದ ದಿನ ನೀನು ಎಲ್ಲಿ ನಿಂತಿದ್ದೆ ಎಂದು ಎರಡು ಕಾಗದದಲ್ಲೂ ಬರೆದಿಲ್ಲ. ನಾನು ಕೇಳದೇ ಬಿಟ್ಟಿದ್ದೆ. ಈಗ ಕೇಳುತ್ತಿದ್ದೇನೆ.

ನನ್ನ ನಾಲ್ಕು ಪುಟ, ನಿನ್ನ ಒಂದು ಪುಟ, ಎರಡೂ ಈಗ ಒಂದೇ ಮೇಜಿನ ಮೇಲಿವೆ. ಎರಡೂ ನಿಜವಾಗಿರಲು ಬರುವುದಿಲ್ಲ.

ಮಾಮ


ನಾಗಪುರ
ನವೆಂಬರ್ 23, 2025

ಮಾಮ,

ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆ. ದೊಡ್ಡ ಸಾಹೇಬರ ಕಾರು ಗೇಟಿನೊಳಗೆ ಬಂದಿತ್ತು, ಫೋಟೋಗೆ ಎಲ್ಲರನ್ನೂ ಸಾಲು ಮಾಡುತ್ತಿದ್ದೆ. ಗುರುಪಾದ ತೊಟ್ಟಿಯಡಿ ಹೋದದ್ದನ್ನು ನೋಡಿದೆ. ಬೀಗವಿಲ್ಲ ಎಂದು ಹೊಳೆಯಿತು. ಎರಡು ನಿಮಿಷದ ಕೆಲಸ, ಕೂಗಿದರೆ ಸಾಹೇಬರೆದುರು ಗಲಾಟೆ ಎಂದುಕೊಂಡೆ. ಡ್ರೈವರ್ ನನ್ನ ಕಡೆ ನೋಡಿದ. ಕಾರು ಬಂತು, ಬೇಗ ಎಂದು ಕೈ ಬೀಸಿದೆ. ಫೋಟೋದ ಸಾಲಿಗೆ ಬೇಗ ಬಾ ಎಂದು ನನ್ನ ಅರ್ಥ. ಅವನು ಸ್ಟಾರ್ಟ್ ಮಾಡು ಎಂದುಕೊಂಡ.

ಡ್ರೈವರ್ ಅದನ್ನು ಯಾರಿಗೂ ಹೇಳಿಲ್ಲ. ನಾನೂ ಹೇಳಿರಲಿಲ್ಲ. ನಿಮ್ಮ ಹೆಸರು ಉಳಿಸಲು ಎಂದು ನಿಮಗೆ ಬರೆದೆ. ಬರೆಯುವಾಗ ನನಗೂ ಹಾಗೆಯೇ ಅನ್ನಿಸಿತ್ತು.

ಹೊಸ ವರದಿ ಇನ್ಸ್‌ಪೆಕ್ಟರರಿಗೆ ಕಳಿಸಿದ್ದೇನೆ, ನಕಲು ಜೊತೆಗಿದೆ. ಕಂಪನಿ ನನ್ನನ್ನು ಕೆಲಸದಿಂದ ನಿಲ್ಲಿಸಿದೆ. ಮ್ಯಾನೇಜರ್ ಫೋನು ಮಾಡಿ, "ತೂ ಪಾಗಲ್ ಹೋ ಗಯಾ ಕ್ಯಾ, ತೇರೇ ಪೇ ಕಿಸೀ ಕೋ ಶಕ್ ಭೀ ನಹೀಂ ಥಾ" ಎಂದ. ನಿನ್ನ ಮೇಲೆ ಯಾರಿಗೂ ಅನುಮಾನವೇ ಇರಲಿಲ್ಲ ಎಂದು ಸಮಾಧಾನ ಮಾಡಿದ. ಅವನ ದನಿಯಲ್ಲಿ ನನ್ನದೇ ದನಿ ಕೇಳಿತು, ಹೇಸಿಗೆಯಾಯಿತು.

ವಿಚಾರಣೆಗೆ ಬರುತ್ತೇನೆ. ಅದಾದ ಮೇಲೆ ಎಲ್ಲಿಗೆ ಹೋಗಬೇಕು, ತಿಳಿಯದು. ಅಮ್ಮನಿಗೆ ಇನ್ನೂ ಹೇಳಿಲ್ಲ.

ತಿಲಕ್


ದಹಿಸರ್ ಪೂರ್ವ
ಡಿಸೆಂಬರ್ 4, 2025

ತಿಲಕ್,

ವಿಚಾರಣೆಯ ದಿನ ನಿನ್ನನ್ನು ನೋಡಿದೆ, ಮಾತನಾಡಿಸಲಿಲ್ಲ. ನೀನು ಇನ್ಸ್‌ಪೆಕ್ಟರರ ಮುಂದೆ ನಿಂತು ಕೈ ಬೀಸಿ ತೋರಿಸಿದೆ, ಹೇಗೆ ಬೀಸಿದೆನೆಂದು. ಆ ಕೋಣೆಯಲ್ಲಿ ಗುರುಪಾದ ಮಾತ್ರ ಅದನ್ನು ನೋಡಲಾಗದೆ ಮುಖ ತಿರುಗಿಸಿದ. ಸಂಜೆಯ ಗಾಡಿಗೆ ನೀನು ಮತ್ತೆ ನಾಗಪುರಕ್ಕೆ ಹೋದೆಯೆಂದು ಶೀಲಾವತಿ ಹೇಳಿದಳು. ಇಲ್ಲಿ ತಾಯಿಯ ಮನೆಯಿದ್ದರೂ ಅಲ್ಲಿ ಖಾಲಿ ಕ್ವಾರ್ಟರ್ಸಿನಲ್ಲಿ ಕೂರಲು ಹೋಗಿದ್ದೀ. ಅದೂ ಒಂದು ಹೇಡಿತನವೇ.

ನಿನ್ನೆ ಆದೇಶ ಬಂತು. "ಕೆಲಸಗಾರನ ತಪ್ಪು ಇರುವುದಿಲ್ಲ" ಎಂದಿದೆ. ಅವನನ್ನು ತೆಗೆಯುವಂತಿಲ್ಲ, ಟೂಲ್ ಸ್ಟೋರಿನಲ್ಲಿ ಕೆಲಸ ಕೊಡಬೇಕು. ಮ್ಯಾನೇಜರನ ಮೇಲೂ ಕಂಪನಿಯ ಮೇಲೂ ಕೇಸು ನಡೆಯುತ್ತದೆ. ನಿನ್ನ ಮೇಲೂ ನಡೆಯುತ್ತದೆ, ನಡೆಯಲಿ. ನನ್ನ ಬಗ್ಗೆ ಎರಡೇ ಸಾಲು: ಹಳೆಯ ಮಿಸ್ತ್ರಿ ಸ್ವತಃ ಒಪ್ಪಿಕೊಂಡಿದ್ದಾರೆ, ವಯಸ್ಸಿನ ಕಾರಣ ಕ್ರಮವಿಲ್ಲ. ವಯಸ್ಸನ್ನು ಮುಂದಿಟ್ಟು ಬಿಟ್ಟುಬಿಟ್ಟರು. ಇದಕ್ಕಿಂತ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ಆದೇಶವನ್ನು ಮಾಲ್ವಣಿಗೆ ಒಯ್ದು ಓದಿ ಹೇಳಿದೆ. ತಪ್ಪು ಇರುವುದಿಲ್ಲ ಎಂಬ ಸಾಲನ್ನು ಹಾಲವ್ವ ಮತ್ತೊಮ್ಮೆ ಓದಿಸಿದಳು. ಪಕ್ಕದ ಖೋಲಿಯವರನ್ನು ಕರೆದು ಅವರೆದುರು ಇನ್ನೊಮ್ಮೆ ಓದಿಸಿದಳು. ಅವಳಿಗೆ ಬೇಕಾದದ್ದು ಆ ಸಾಲು, ನನ್ನ ಕಣ್ಣೀರೂ ಅಲ್ಲ, ನಿನ್ನ ಫೋನೂ ಅಲ್ಲ.

ನಿನ್ನ ಮೇಲಿನ ಸಿಟ್ಟು ಇಳಿದಿದೆ. ತಾತ್ಸಾರ ಇಳಿದಿಲ್ಲ, ಅದು ನನ್ನ ಮೇಲೂ ಇದೆ, ಇಬ್ಬರಿಗೂ ಸಾಕಾಗುವಷ್ಟಿದೆ. ಎಲ್ಲಿಗೆ ಹೋಗಬೇಕು ತಿಳಿಯದು ಎಂದು ಬರೆದೆ. ಇಷ್ಟೂ ತಿಳಿಯದವನಿಗೆ ಹೇಳುತ್ತೇನೆ, ಕೇಳು.

ಭಾನುವಾರ ನಿನ್ನ ಅತ್ತೆ ನೀರ್‌ದೋಸೆಯೂ ಕೋಳಿ ಸಾರೂ ಮಾಡುತ್ತಾಳೆ. ಸ್ಟೇಷನ್ನಿನಿಂದ ನೇರ ಇಲ್ಲಿಗೆ ಬರಬೇಡ. ಮೊದಲು ಮಾಲ್ವಣಿಗೆ ಹೋಗು. ಹೊಸ್ತಿಲ ಹೊರಗೆ ನಿಂತು ಡ್ರೈವರನಿಗೆ ಏನೆಂದು ಕೈ ಬೀಸಿದೆ ಎನ್ನುವುದನ್ನು ಗುರುಪಾದನಿಗೆ ನಿನ್ನ ಬಾಯಿಂದ ಹೇಳು. ಹಾಲವ್ವ ಬೈದರೆ ಪೂರ್ತಿ ಕೇಳಿಸಿಕೋ. ನಡುವೆ ನನ್ನ ಹೆಸರು ತರಬೇಡ.

ಅವರು ಒಳಗೆ ಬಾ, ಕೂತುಕೋ ಎಂದರೆ ಮಾತ್ರ ಆಮೇಲೆ ದಹಿಸರಿಗೆ ಬಾ. ಎನ್ನದಿದ್ದರೆ ಬರಬೇಡ, ಮುಂದಿನ ಭಾನುವಾರ ಮತ್ತೆ ಅಲ್ಲಿಗೇ ಹೋಗು. ಆ ಮನೆಯ ಚಹಾ ಸಿಗಲು ನನಗೆ ಮೂರು ಶುಕ್ರವಾರ ಹಿಡಿಯಿತು.

ಮಾಮ